ಹುಣಸೆಹಣ್ಣು ಹಚ್ಚಿ ತೊಳೆದ ಗಾಡಿ

ಬದರೀನಾಥ ಆ ಗಾಡಿಯನ್ನು ಮನೆಗೆ ತಂದ ದಿನ ಅದರೊಳಗಿಂದ ಎರಡು ಕೋಳಿ ಇಳಿದು ಬಂದವು. ನೈವಾಶಾ ಕಡೆಯ ಯಾವುದೋ ತೋಟದಲ್ಲಿ ವರ್ಷಗಟ್ಟಲೆ ನಿಂತು, ಕೊನೆಗೆ ಕೋಳಿಗೂಡಾಗಿ ನಿವೃತ್ತಿ ಪಡೆದಿದ್ದ ಹಳೇ ಶೆವ್ರೋಲೆ ಪಿಕಪ್ ಅದು. ಲಾರಿಯ ಮೇಲೆ ಹೇರಿ ತಂದು ನೈರೋಬಿಯ ಸೌತ್ ಸಿ ಬಡಾವಣೆಯ ಮನೆಯ ಅಂಗಳದಲ್ಲಿ ಇಳಿಸುವಾಗ ಅಂಬುಜಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಗನ ಮುಖದಲ್ಲಿ ಅಷ್ಟು ಸಂತೋಷ ಕಂಡು ಎಷ್ಟು ಕಾಲವಾಗಿತ್ತೋ. ಅದಕ್ಕೇ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, "ಕಬ್ಬಿಣ ಗಟ್ಟಿಯಾಗಿದೆ ಕಣೋ" ಎಂದಷ್ಟೇ ಹೇಳಿದರು.

"ಅಜ್ಜಿ, ಇಟ್ಸ್ ಗೋಯಿಂಗ್ ಟು ಬಿ ಎ ಹಾಟ್ ರಾಡ್!" ಎಂದಳು ಮೊಮ್ಮಗಳು ಅನಘಾ.

ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಅಜ್ಜಿಗೆ ಇಂಗ್ಲಿಷ್ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಹಾಗಾಗಿ ಅವರಿಬ್ಬರ ಮಾತುಕತೆ ಚೆನ್ನಾಗಿಯೇ ನಡೆಯುತ್ತಿತ್ತು, ಹುಡುಗಿ ಕೈಗೆ ಸಿಕ್ಕಾಗ. ಛಾವಣಿಯನ್ನು ಕತ್ತರಿಸಿ ತಗ್ಗಿಸುತ್ತಾರೆ, ಮೈಯನ್ನು ನೆಲಕ್ಕೆ ಹತ್ತಿರ ಇಳಿಸುತ್ತಾರೆ, ಹಳೇ ಎಂಜಿನ್ ಕಿತ್ತು ದೊಡ್ಡದೊಂದನ್ನು ಕೂರಿಸುತ್ತಾರೆ, ಆಮೇಲೆ ಥಳಥಳ ಬಣ್ಣ ಎಂದು ಅವಳು ಕೈಸನ್ನೆ ಮಾಡಿ ವಿವರಿಸಿದಳು.

"ಅಂದ್ರೆ ಮುದುಕಿಗೆ ಹೊಸ ಗುಂಡಿಗೆ ಹಾಕಿ, ಅಲಂಕಾರ ಮಾಡಿ, ರಸ್ತೇಲಿ ಓಡಿಸ್ತಾನೆ ಅನ್ನು."

"ಎಕ್ಸಾಕ್ಟ್ಲಿ!"

"ಹಾಗೇ ನಂದೂ ಒಂದು ಮಾಡ್ಸೇ" ಎಂದರು ಅಂಬುಜಮ್ಮ. ಅನಘಾ ನಕ್ಕು ಅಪ್ಪನ ಹತ್ತಿರ ಓಡಿದಳು.

ಅದು ೨೦೧೬. ಅಂಬುಜಮ್ಮ ನೈರೋಬಿಗೆ ಬಂದು ಆಗಿನ್ನೂ ಸ್ವಲ್ಪವೇ ಕಾಲವಾಗಿತ್ತು. ಮೈಸೂರಿನಲ್ಲಿ ಗಂಡ ದತ್ತಾತ್ರೇಯರು ತೀರಿಕೊಂಡು ವರ್ಷಾಂತಿಕ ಮುಗಿದ ಮೇಲೆ, ಮನೆಯನ್ನು ಬಾಡಿಗೆಗೆ ಕೊಟ್ಟು ಬದರಿ ಅವರನ್ನು ಕರೆತಂದಿದ್ದ. "ಸ್ವಲ್ಪ ದಿನ ಇದ್ದು ನೋಡಮ್ಮ. ಆಮೇಲೆ ನಿನ್ನಿಷ್ಟ" ಎಂದಿದ್ದ. ಆ "ನಿನ್ನಿಷ್ಟ" ಎನ್ನುವ ಮಾತು ಅವರ ಜೊತೆಗೇ ವಿಮಾನ ಹತ್ತಿ ಬಂದು ಈ ಮನೆಯಲ್ಲಿ ಬೀಡುಬಿಟ್ಟಿತ್ತು.

ಬೆಳಿಗ್ಗೆ ತಿಂಡಿಯ ಗಡಿಬಿಡಿ ಮುಗಿಯುತ್ತಲೇ ಮನೆ ಖಾಲಿ. ಬದರಿ ವೆಸ್ಟ್‌ಲ್ಯಾಂಡ್ಸ್‌ನ ಟೆಲಿಕಾಂ ಆಫೀಸಿಗೆ, ಸೊಸೆ, ಹೆಸರು ಇಂದು, ಊರಿನ ಇನ್ನೊಂದು ತುದಿಯಲ್ಲಿದ್ದ ಅಂತರರಾಷ್ಟ್ರೀಯ ಸಂಸ್ಥೆಗೆ, ಅನಘಾ ಸ್ಕೂಲಿಗೆ. ಆಮೇಲೆ ಗೇಟು ತೆಗೆದ ಸದ್ದಾದರೆ ಅದು ಮನೆಗೆಲಸದ ಮುಥೋನಿ. ಅವಳು ಬ್ಯಾಗನ್ನು ಮೊಳೆಗೆ ಸಿಕ್ಕಿಸುತ್ತ ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಉಕೊ ಪೆಕೆ ಯಾಕೊ, ಮಾಮಾ?" ಒಬ್ಬರೇ ಇದ್ದೀರಾ ಅಮ್ಮ ಎಂದು ಅದರ ಅರ್ಥ. ಉತ್ತರವನ್ನೂ ಅವಳೇ ಕಲಿಸಿದ್ದಳು. "ನಿಕೊ ಪೆಕೆ ಯಾಂಗು" ಎನ್ನುತ್ತಿದ್ದರು ಅಂಬುಜಮ್ಮ, ಒಬ್ಬಳೇ ಇದ್ದೀನಿ ಎಂದು. ಸರಿ ಎನ್ನುವ ಸವಾ, ವಂದನೆ ಹೇಳುವ ಅಸಾಂಟೆ ಬಿಟ್ಟರೆ ಸ್ವಾಹಿಲಿಯಲ್ಲಿ ಅವರಿಗೆ ಪೂರ್ತಿ ಬರುತ್ತಿದ್ದ ವಾಕ್ಯ ಅದೊಂದೇ.

ಅಷ್ಟಾದ ಮೇಲೆ ಅಡುಗೆಮನೆ ಮುಥೋನಿಯ ವಶ. ಸೊಸೆ ಕಲಿಸಿದ್ದ ಸಾರನ್ನು ಅವಳು ಮೈಸೂರಿನ ಯಾವ ಹುಡುಗಿಗೂ ಕಡಿಮೆಯಿಲ್ಲದಂತೆ ಮಾಡುತ್ತಿದ್ದಳು. ಅಂಬುಜಮ್ಮ ಕಾಫಿ ಕುಡಿದ ಲೋಟವನ್ನು ತೊಳೆಯಲು ಹೋದರೆ "ಹಪಾನಾ, ಮಾಮಾ" ಎಂದು, ಬೇಡ ಅಮ್ಮ ಎಂಬ ಅರ್ಥದಲ್ಲಿ, ಕೈಯಿಂದ ಕಸಿದುಕೊಳ್ಳುತ್ತಿದ್ದಳು. ಅವಳದು ಗೌರವವೇ. ಆದರೆ ಐವತ್ತು ವರ್ಷ ಒಂದು ಮನೆಯನ್ನು ಎರಡು ಕೈಯಲ್ಲಿ ಎತ್ತಿ ನಿಲ್ಲಿಸಿದ ಹೆಂಗಸಿಗೆ, ಕೈಕಟ್ಟಿ ಸೋಫಾದ ಮೇಲೆ ಕೂತು ತಲೆಯ ಮೇಲೆ ಹಾರುವ ಪುಟ್ಟ ವಿಮಾನಗಳ ಸದ್ದು ಕೇಳುವುದೆಂದರೆ ಶಿಕ್ಷೆ.

ಶನಿವಾರ, ಭಾನುವಾರ ಬಂದರೆ ಮಗ ಸಿಗುತ್ತಾನೆ ಎಂದು ವಾರವಿಡೀ ಕಾಯುತ್ತಿದ್ದರು. ಗಾಡಿ ಬಂದ ಮೇಲೆ ಅದೂ ಹೋಯಿತು. ಹಿತ್ತಿಲ ಶೆಡ್ಡಿನಲ್ಲಿ ಬೆಳಗಿನಿಂದಲೇ ಕೊಯ್ಯುವ, ಕುಟ್ಟುವ, ಬೆಸೆಯುವ ಸದ್ದು. ಊಟಕ್ಕೆ ಕರೆಯಲು ಹೋದರೆ ಕಾಣುತ್ತಿದ್ದದ್ದು ಮಗನ ಬೆನ್ನು ಮಾತ್ರ. ರೈಲ್ವೆ ವರ್ಕ್‌ಶಾಪಿನಲ್ಲಿದ್ದ ಅವನ ಅಪ್ಪನೂ ಹಾಗೆಯೇ, ರಜೆ ಬಂತೆಂದರೆ ರೇಡಿಯೋ ಬಿಚ್ಚಿ ಹಾಕಿಕೊಂಡು ಕೂರುತ್ತಿದ್ದರು. ಒಂದು ಬೆನ್ನಿನ ಜೊತೆ ಸಂಸಾರ ಮಾಡಿ ಮುಗಿಸಿ ಬಂದರೆ, ಇಲ್ಲಿ ಅದೇ ಬೆನ್ನು ಮತ್ತೆ ಕಾದಿತ್ತು.

"ಬಾರೋ, ಹುಳಿ ಆರ್ತಾ ಇದೆ."

"ಫೈವ್ ಮಿನಿಟ್ಸ್ ಅಮ್ಮ."

"ನಿನ್ನ ಫೈವ್ ಮಿನಿಟ್ಸ್ ಆಗಿ ಅನ್ನ ಕಲ್ಲಾಯ್ತು."

"ನೀವು ಶುರು ಮಾಡಿ."

ಒಂದು ಭಾನುವಾರ ಊಟದ ಮೇಜಿನಲ್ಲಿ ಇಂದುವಿಗೆ ತಡೆಯಲಾಗಲಿಲ್ಲ. ಅವಳು ತುರ್ಕಾನಾ ಕಡೆ ಫೀಲ್ಡ್ ಕೆಲಸ ಮುಗಿಸಿ ಹಿಂದಿನ ದಿನವಷ್ಟೇ ಬಂದಿದ್ದಳು. ಬಂದವಳನ್ನು ಗಂಡ ಶೆಡ್ಡಿಗೆ ಕರೆದುಕೊಂಡು ಹೋಗಿ ಹೊಸದಾಗಿ ತಗ್ಗಿಸಿದ ಛಾವಣಿ ತೋರಿಸಿದ್ದ. ಒಳಗೆ ಕೂರಲು ಹೋಗಿ ಅವಳ ಹಣೆ ಬುಗುಟೆ ಎದ್ದಿತ್ತು.

"ನಾನು ಅದ್ರಲ್ಲಿ ಹೇಗೆ ಕೂರ್ಬೇಕು ಬದರಿ? ತಲೆ ತೆಗೆದು ಹಿಂದುಗಡೆ ಇಡ್ಲಾ?"

"ಸೀಟ್ ಇನ್ನೂ ಇಳಿಸ್ತೀನಿ."

"ಇರೋದೇ ಎರಡು ಸೀಟು. ಮನೇಲಿ ನಾಲ್ಕು ಜನ. ಎಲ್ರ ಭಾನುವಾರಾನೂ ಅದಕ್ಕೇ ಹೋಗ್ತಿದೆ."

"ಹಾಬಿ ಅಲ್ವಾ ಇಂದು. ತಲೆ ಹಗುರ ಆಗತ್ತೆ."

"ಹಾಬಿ ಅಂದ್ರೆ ಬೇಜಾರಾದಾಗ ಮಾಡೋದು. ನಿಂಗೆ ಅದನ್ನ ಬಿಟ್ಟು ಒಳಗೆ ಬಂದ್ರೆ ಬೇಜಾರು."

"ಕ್ಯಾನ್ ವಿ ಪ್ಲೀಸ್ ನಾಟ್?" ಎಂದಳು ಅನಘಾ.

ಬದರಿ ಮಾತು ಬದಲಿಸಲು ತಾಯಿಯ ಕಡೆ ತಿರುಗಿದ. "ಅಮ್ಮ, ಇಲ್ಲಿ ಇರೋಕೆ ಕೊಟ್ಟಿರೋ ನಿನ್ನ ಪಾಸ್ ಜನವರಿಗೆ ಮುಗಿಯತ್ತೆ. ದಸರಾ ಆದ್ಮೇಲೆ ಹೇಳ್ಬಿಡು. ಇರ್ತೀಯಾದ್ರೆ ಅರ್ಜಿ ಹಾಕ್ತೀನಿ. ಮೈಸೂರಿಗೆ ಹೋಗ್ತೀಯಾದ್ರೆ ಟಿಕೆಟ್ ನೋಡ್ತೀನಿ."

"ನಿಮಗೆ ಹೇಗೆ ಅನುಕೂಲ?" ಎಂದರು ಅಂಬುಜಮ್ಮ.

"ನಮ್ಮ ಅನುಕೂಲ ಏನಿದೆ ಅತ್ತೆ, ನಿಮ್ಮಿಷ್ಟ. ನಾವು ಒತ್ತಾಯ ಮಾಡಲ್ಲ" ಎಂದಳು ಇಂದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಹಿರಿಯರನ್ನು ಸಾಮಾನಿನ ಹಾಗೆ ಅಲ್ಲಿಂದಿಲ್ಲಿಗೆ ಸಾಗಿಸಬಾರದು ಎಂಬುದು ಅವಳ ನಂಬಿಕೆ.

ಅಂಬುಜಮ್ಮನಿಗೆ ಬೇಕಾಗಿದ್ದದ್ದು ಆ ಒತ್ತಾಯವೇ. "ಎಲ್ಲಿಗೆ ಹೋಗ್ತೀಯ, ಸುಮ್ನೆ ಇಲ್ಲೇ ಬಿದ್ದಿರು" ಎಂದು ಮಗ ಒಂದು ಸಲ ಗದರಿದ್ದರೆ ಅವರ ಜೀವ ತಣ್ಣಗಾಗುತ್ತಿತ್ತು. ತಾನಾಗಿ "ಇರ್ತೀನಿ" ಎಂದರೆ ಅದು ಬೇಡಿಕೊಂಡ ಹಾಗೆ. ಬೇಡಿ ಪಡೆದ ಜಾಗದಲ್ಲಿ ಕೂರುವ ಹೆಂಗಸಲ್ಲ ಅವರು. ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು, "ನೋಡೋಣ" ಎಂದರು.

ಆಯುಧಪೂಜೆಯ ಹಿಂದಿನ ದಿನ ಭಾನುವಾರ. ಬದರಿಯ ಸಹೋದ್ಯೋಗಿ ವಿಶ್ವನಾಥ್ ಮನೆಯಲ್ಲಿ ಅವರ ಮಗನ ಹುಟ್ಟುಹಬ್ಬ. "ಬರ್ತೀರಾ ಅತ್ತೆ? ನಿಮ್ಮಿಷ್ಟ" ಎಂದಳು ಇಂದು. ಅಂಬುಜಮ್ಮ ಕಾಲುನೋವಿನ ನೆಪ ಹೇಳಿದರು. ಮೂವರೂ ಹೋದರು. ಮುಥೋನಿಗೂ ಅಂದು ರಜೆ.

ನಾಳೆ ಪೂಜೆಗೆ ಕೂರುವ ಗಾಡಿ ಹೇಗಿದೆ ನೋಡೋಣ ಎಂದು ಅವರು ಶೆಡ್ಡಿಗೆ ಹೋದರು. ಹಳೇ ಬಣ್ಣವನ್ನೆಲ್ಲ ಕೆರೆದು ತೆಗೆದು ಗಾಡಿ ಬರೀ ಕಬ್ಬಿಣದ ಮೈಯಲ್ಲಿ ನಿಂತಿತ್ತು. ಮೈತುಂಬ ಜಿಡ್ಡು, ಅದರ ಮೇಲೆ ಕಪ್ಪು ಬೆರಳಚ್ಚು. ಬೆರಳಿಟ್ಟರೆ ಅಂಟುತ್ತಿತ್ತು. ಮೈಸೂರಿನಲ್ಲಿ ಈ ದಿನ ಬಂತೆಂದರೆ ಗಂಡನ ಸ್ಕೂಟರ್, ಸುತ್ತಿಗೆ, ಇಕ್ಕಳ, ಅಡುಗೆಮನೆಯ ಈಳಿಗೆ ಎಲ್ಲವನ್ನೂ ತೊಳೆದು ಲಕಲಕ ಮಾಡುತ್ತಿದ್ದವರು ಅವರೇ. ಈ ಮನೆಯಲ್ಲಿ ಅದನ್ನು ಮಾಡುವವರು ಯಾರೂ ಇರಲಿಲ್ಲ. ಇಷ್ಟು ತಿಂಗಳಲ್ಲಿ ಮೊದಲ ಸಲ ಅವರಿಗೊಂದು ಕೆಲಸ ಸಿಕ್ಕಿತು.

ನ್ಗಾರಾದ ಅಂಗಡಿಯಿಂದ ತಂದಿದ್ದ ಹುಣಸೆಹಣ್ಣನ್ನು ಚೂರೂ ಬಿಡದೆ ನೆನೆಹಾಕಿದರು. ಹಿಡಿ ಹಿಡಿ ಉಪ್ಪು ಬೆರೆಸಿದರು. ಸೀರೆ ಎತ್ತಿ ಸಿಕ್ಕಿಸಿ, ದೇವರ ಮನೆಯ ಕಂಚಿನ ತಂಬಿಗೆ ಉಜ್ಜುವ ಹಾಗೆ, ಅಂಗೈಯನ್ನು ಸುತ್ತಿಸಿ ಸುತ್ತಿಸಿ ಗಾಡಿಯನ್ನು ಉಜ್ಜಿದರು. ಬಾಗಿಲು, ಮುಂಭಾಗ, ಹಿಂಭಾಗ, ಒಳಗೆ ಮೀಟರುಗಳ ಪಕ್ಕದ ತಗಡು ಯಾವುದನ್ನೂ ಬಿಡಲಿಲ್ಲ. ಛಾವಣಿ ತಗ್ಗಿಸಿದ್ದರಿಂದ ಗಿಡ್ಡ ಹೆಂಗಸಾದ ಅವರಿಗೆ ಅದೂ ಕೈಗೆಟುಕಿತು. ಕೈ ಬೊಬ್ಬೆ ಬಂದದ್ದು, ಸೊಂಟ ಹಿಡಿದದ್ದು ಗೊತ್ತೇ ಆಗಲಿಲ್ಲ. ಪೈಪಿನ ನೀರು ಬಿಟ್ಟು ತೊಳೆದಾಗ ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯಿತು. ಬಾಯಲ್ಲಿ ತಾನಾಗಿಯೇ ದೇವರನಾಮ ಬಂದಿತು. ಧೂಳು ಕೂರಬಾರದೆಂದು ತಮ್ಮ ಎರಡು ಹತ್ತಿ ಸೀರೆಗಳನ್ನು, ತೊಳೆದ ಒದ್ದೆಯಲ್ಲೇ, ಮೇಲೆ ಹೊದಿಸಿದರು. ನಾಳೆ ಸೀರೆ ಸರಿಸಿದಾಗ ಮಗನ ಮುಖ ಹೇಗಾಗುತ್ತದೆ ಎಂದು ನೆನೆದು ನೆನೆದು ಒಬ್ಬರೇ ನಕ್ಕರು.

ಮರುದಿನ ಆಫೀಸಿಗೆ ಹೊರಡುವ ಮುಂಚೆ ಎಲ್ಲರೂ ಸ್ನಾನ ಮುಗಿಸಿ ಶೆಡ್ಡಿಗೆ ಬಂದರು. ಇಂದುವಿನ ಕೈಯಲ್ಲಿ ಆರತಿ ತಟ್ಟೆ, ಅನಘಾಳ ಕೈಯಲ್ಲಿ ಗಾಲಿಯಡಿ ಇಡುವ ನಿಂಬೆಹಣ್ಣು.

"ಏನಮ್ಮ, ಸೀರೆ ಉಡಿಸಿದೀಯ ಇದಕ್ಕೆ?" ಎಂದು ಬದರಿ ತಮಾಷೆ ಮಾಡಿದ.

"ಸರ್ಸಿ ನೋಡು" ಎಂದರು ಅಂಬುಜಮ್ಮ, ಹುಡುಗಿಯ ಹಾಗೆ ನಾಚಿಕೊಂಡು.

ಬದರಿ ಸೀರೆ ಎಳೆದ. ಗಾಡಿ ಅಡಿಯಿಂದ ಮುಡಿಯವರೆಗೆ ಕೇಸರಿ ಬಣ್ಣಕ್ಕೆ ತಿರುಗಿತ್ತು. ಒಂದೇ ರಾತ್ರಿಯಲ್ಲಿ ತುಕ್ಕು ಹೂಬಿಟ್ಟ ಹಾಗೆ ಅರಳಿ, ಅದರಲ್ಲಿ ಅಂಬುಜಮ್ಮನ ಕೈ ಸುತ್ತಿದ ಒಂದೊಂದು ಸುತ್ತೂ ಎದ್ದು ಕಾಣುತ್ತಿತ್ತು. ಆರತಿಯ ಕರ್ಪೂರ ಉರಿದು ಆರಿಹೋಯಿತು.

"ಯಾರಮ್ಮ ಇದಕ್ಕೆ ಕೈ ಹಾಕಿದ್ದು?"

"ನಾನೇ ಕಣೋ. ಜಿಡ್ಡಾಗಿತ್ತು. ಪೂಜೆಗೆ ಅಂತ ತೊಳೆದೆ..."

"ಜಿಡ್ಡಲ್ಲಮ್ಮ, ಎಣ್ಣೆ! ತುಕ್ಕು ಹಿಡೀಬಾರ್ದು ಅಂತ ನಾನೇ ಹಚ್ಚಿಟ್ಟಿದ್ದು! ಏನು ಹಾಕಿ ತೊಳೆದೆ?"

"ಹುಣಸೆಹಣ್ಣು. ಉಪ್ಪು."

"ಸಾಲ್ಟ್? ಓ ಮೈ ಗಾಡ್, ಅಜ್ಜಿ!" ಅನಘಾಳಿಗೆ ನಗು ಬಂದುಬಿಟ್ಟಿತು. ಇಂದು ಕಣ್ಣಲ್ಲೇ ಗದರಿದಳು.

"ಈ ವಾರ ಪ್ರೈಮರ್ ಹೊಡಿಯೋನಿದ್ದೆ. ತಿಂಗಳುಗಟ್ಲೆ ಮಾಡಿದ್ದ ಕೆಲಸ ಎಲ್ಲಾ ನೀರಲ್ಲಿ ಹೋಯ್ತು!" ಬದರಿಯ ದನಿ ಏರಿತು. "ಯಾರು ಕೇಳಿದ್ರು ನಿನ್ನ? ಇದನ್ನ ತೊಳಿ ಅಂತ ಯಾರಾದ್ರೂ ಕೇಳಿದ್ರಾ?"

"ಇಲ್ಲ ಕಣೋ" ಎಂದರು ಅಂಬುಜಮ್ಮ. "ಯಾರೂ ಕೇಳಲಿಲ್ಲ. ನಾನು ಬಂದಾಗಿನಿಂದ ಈ ಮನೇಲಿ ಒಂದು ಲೋಟ ತೊಳಿ ಅಂತಾನೂ ಯಾರೂ ಕೇಳಲಿಲ್ಲ."

"ಬದರಿ, ಸಾಕು ಬಿಡು. ಬಾ ಒಳಗೆ" ಎಂದಳು ಇಂದು. ಅವನು ಒಳಗೂ ಬರದೆ, ಪ್ರಸಾದವನ್ನೂ ತೆಗೆದುಕೊಳ್ಳದೆ ಆಫೀಸಿಗೆ ಹೊರಟುಹೋದ. ನಿಂಬೆಹಣ್ಣುಗಳು ಗಾಲಿಯ ಪಕ್ಕ ಹಾಗೆಯೇ ಉಳಿದವು. ಸ್ವಲ್ಪ ಹೊತ್ತಿಗೆ ಬಂದ ಮುಥೋನಿ ಎಂದಿನ ಪ್ರಶ್ನೆ ಕೇಳಿದಾಗ ಅಂಬುಜಮ್ಮ ಬರೀ ತಲೆಯಾಡಿಸಿ ತಮ್ಮ ಕೋಣೆಗೆ ಹೋದರು.

ಎರಡು ದಿನ ಕಳೆದು, ಚಪಾತಿ ಬಡಿಸುವಾಗ ಅವರೇ ಮಾತು ತೆಗೆದರು. "ಜನವರಿಗೆ ನನ್ನ ಟಿಕೆಟ್ ಮಾಡಿಸ್ಬಿಡು."

ಬದರಿ ತಟ್ಟೆಯಿಂದ ತಲೆಯೆತ್ತಿದ. "ಬೇಜಾರು ಮಾಡ್ಕೊಂಡ್ಯಾ? ಸಿಟ್ಟಲ್ಲಿ ಏನೋ ಅಂದೆ."

"ಬೇಜಾರೇನಿಲ್ಲ."

"ನಿಜವಾಗ್ಲೂ ಹೋಗ್ಬೇಕು ಅಂತಿದೆಯಾ?"

ಇನ್ನೊಂದು ಮಾತು, ಒಂದೇ ಮಾತು ಮುಂದೆ ಬರಲಿ ಎಂದು ಅಂಬುಜಮ್ಮನ ಮೈಯೆಲ್ಲ ಕಿವಿಯಾಗಿತ್ತು. "ಹೂಂ" ಎಂದರು.

"ಸರಿ ಅಮ್ಮ. ನಿನ್ನಿಷ್ಟ" ಎಂದ ಬದರಿ. ಆಮೇಲೆ ಪಲ್ಯ ಹಾಕಿಸಿಕೊಳ್ಳಲಿಲ್ಲ.

ಮೈಸೂರಿನಲ್ಲಿದ್ದ ತಂಗಿಯ ಮಗಳು ಶೈಲಜಾಳಿಗೆ ಫೋನು ಮಾಡಿ ವಿಷಯ ತಿಳಿಸಿದರು. "ಅಷ್ಟು ಒಳ್ಳೆ ಮಗ ಸೊಸೆ ಬಿಟ್ಟು ಯಾಕೆ ಬರ್ತೀಯ ದೊಡ್ಡಮ್ಮ?" ಎಂದು ಅವಳು ಕೇಳಿದರೆ, "ಇಲ್ಲಿ ವಿಮಾನದ ಸದ್ದು ಜಾಸ್ತಿ ಕಣೇ" ಎಂದರು. ಮನೆಯಲ್ಲಿ ಕೆಲವು ದಿನ ಸಾರಿಗೆ ನಿಂಬೆಹಣ್ಣೇ ಗತಿಯಾಯಿತು. ಆಮೇಲೆ ಇಂದುವೇ ಹೊಸ ಹುಣಸೆಹಣ್ಣು ತಂದು ಡಬ್ಬಿ ತುಂಬಿಸಿದಳು.

ಶೆಡ್ಡಿನಲ್ಲಿ ಮತ್ತೆ ಉಜ್ಜುವ ಸದ್ದು ಶುರುವಾಯಿತು. ಅಂಬುಜಮ್ಮ ಆ ಕಡೆ ತಲೆ ಹಾಕಲಿಲ್ಲ. ಮಳೆಯ ದಿನಗಳು ಬಂದು ಹೋದವು. ಒಂದು ಸಂಜೆ ಕೈತುಂಬ ಕೆಂಪು ಪುಡಿ ಮೆತ್ತಿಕೊಂಡ ಅನಘಾ ಅವರ ಕೋಣೆಗೆ ಬಂದಳು.

"ಅಜ್ಜಿ, ಅಪ್ಪಾ ಸೇಸ್ ಇಟ್ಸ್ ಓನ್ಲಿ ಆನ್ ದ ಸರ್ಫೇಸ್. ಇಟ್ಸ್ ಕಮಿಂಗ್ ಆಫ್."

"ಅದನ್ನ ನಿಮ್ಮಪ್ಪ ನಂಗೆ ಹೇಳ್ಬಹುದಲ್ವೇನೇ?"

ಅನಘಾ ಭುಜ ಹಾರಿಸಿದಳು. "ಯೂ ನೋ ಅಪ್ಪಾ." ಅಜ್ಜಿಯ ಹಾಸಿಗೆಯ ಮೇಲೆ ಸ್ವಲ್ಪ ಹೊತ್ತು ಕೂತು ಫೋನು ನೋಡಿ ಎದ್ದುಹೋದಳು. ಅವಳು ಕೂತಿದ್ದ ಕಡೆ ಹೊದಿಕೆಗೆ ಹತ್ತಿದ ತುಕ್ಕನ್ನು ಅಂಬುಜಮ್ಮ ತಾವೇ ಒಗೆದರು, ಮುಥೋನಿಗೆ ಕಾಣದ ಹಾಗೆ.

ಸಂಕ್ರಾಂತಿ ಕಳೆದು ಹೊರಡುವ ದಿನ ಬಂತು. ಅಂಗಳದಲ್ಲಿ ಕಡುನೀಲಿ ಬಣ್ಣದ ಗಾಡಿ ನೆಲಕ್ಕೆ ಅಂಟಿಕೊಂಡ ಹಾಗೆ ನಿಂತಿತ್ತು. ಗುಡುಗಿನಂಥ ಅದರ ಸದ್ದಿಗೆ ಪಕ್ಕದ ಮನೆಯವರು ಆಗಲೇ ಒಂದು ಸಲ ದೂರು ಹೇಳಿಯೂ ಆಗಿತ್ತು.

"ಅಮ್ಮನ್ನ ಇದ್ರಲ್ಲೇ ಬಿಡ್ತೀನಿ" ಎಂದ ಬದರಿ.

"ಎರಡೇ ಸೀಟು, ನಾವು?" ಎಂದಳು ಇಂದು. ಅವನು ಸೂಟ್‌ಕೇಸುಗಳನ್ನು ಹಿಂದೆ ಕಟ್ಟಿದ. ಇಂದು ಕಾಲಿಗೆ ನಮಸ್ಕರಿಸಿ, ಕಣ್ಣೊರೆಸಿಕೊಂಡು, "ಮನಸ್ಸಾದಾಗ ಬನ್ನಿ ಅತ್ತೆ" ಎಂದಳು. ಮುಥೋನಿ ಬಾಚಿ ತಬ್ಬಿಕೊಂಡಳು. ಅನಘಾ ಅಮ್ಮನಿಂದ ಹೇಳಿಸಿಕೊಂಡು ಕಲಿತಿದ್ದ ಮಾತನ್ನು ತಡವರಿಸದೆ ಹೇಳಿದಳು: "ಹೋಗಿ ಬಾ ಅಜ್ಜಿ." ಅವಳ ಬಾಯಿಂದ ಅಜ್ಜಿ ಕೇಳಿದ ಮೊದಲ ಪೂರ್ತಿ ಕನ್ನಡದ ಮಾತು ಅದು.

ಅಂಬುಜಮ್ಮ ಗಾಡಿಯೊಳಗೆ ಕೂತರು. ತಲೆ ಎಲ್ಲೂ ತಾಗಲಿಲ್ಲ. ಎತ್ತರದ ಇಂದು, ಅವಳನ್ನೇ ಹೋಲುವ ಅನಘಾ, ಕತ್ತು ಕುಗ್ಗಿಸಿ ಓಡಿಸಬೇಕಾದ ಬದರಿ, ಇಷ್ಟು ಜನರಲ್ಲಿ ಅಳತೆ ತೆಗೆದು ಮಾಡಿಸಿದ ಹಾಗೆ ಆ ಗಾಡಿ ಹೊಂದಿದ್ದು ಊರಿಗೆ ಹೊರಟವರಿಗೆ.

ಮೊಂಬಾಸಾ ರಸ್ತೆಯಲ್ಲಿ ಎಂದಿನ ಹಾಗೆ ಟ್ರಾಫಿಕ್ ಕಟ್ಟಿಕೊಂಡಿತ್ತು. ಪಕ್ಕದಲ್ಲಿ ಜನ ತುಂಬಿಕೊಂಡಿದ್ದ ಮಿನಿಬಸ್ಸು, ಅಂದರೆ ಮಟಾಟುವಿನ ಬಾಗಿಲಲ್ಲಿ ಜೋತುಬಿದ್ದಿದ್ದ ಕಂಡಕ್ಟರ್, ಗಾಡಿಯನ್ನೂ ಅದರೊಳಗೆ ರೇಸಿನವರ ಬೆಲ್ಟು ಬಿಗಿದುಕೊಂಡು ಕೂತ ಸೀರೆಯ ಮುದುಕಿಯನ್ನೂ ನೋಡಿ ತಗಡು ಬಡಿದು, ತುಂಬಾ ಚೆನ್ನಾಗಿದೆ ಎಂದು ಕೂಗಿದ: "ಮಾಮಾ! ಸಾಫಿ ಸಾನಾ!" ಮಟಾಟುವಿನ ಜನವೆಲ್ಲ ಕಿಟಕಿಗೆ ಬಂದು ಕೈಬೀಸಿದರು. ಅಂಬುಜಮ್ಮನೂ ಕೈಬೀಸಿದರು. ಅಮ್ಮ ಮಗ ಇಬ್ಬರೂ ಜೋರಾಗಿ ನಕ್ಕರು. ಒಟ್ಟಿಗೆ ನಕ್ಕು ಅದೆಷ್ಟು ದಿನವಾಗಿತ್ತೋ.

ನಗು ಇಳಿದಾಗ ಎದುರಿನ ತಗಡಿನ ಮೇಲೆ ಅವರ ಕಣ್ಣು ಬಿತ್ತು. ಅವರು ಕೂತ ಬದಿಯಲ್ಲಿ ಮಾತ್ರ ನೀಲಿ ಬಣ್ಣವಿರಲಿಲ್ಲ. ಕೇಸರಿ ತುಕ್ಕು, ಅದರಲ್ಲಿ ಸುತ್ತು ಸುತ್ತಾಗಿ ಕೈಯಾಡಿದ ಗುರುತು. ಮೇಲೆ ಗಾಜಿನ ಹಾಗೆ ಏನೋ ಬಳಿದಿತ್ತು. ಅಂಬುಜಮ್ಮ ಅಂಗೈಯನ್ನು ಅದರ ಮೇಲಿಟ್ಟರು. ಗುರುತು ಅವರದೇ ಕೈಯಷ್ಟಿತ್ತು.

"ಇದೊಂದು ಬಿಟ್ಟಿದೀಯಲ್ಲೋ."

"ಹೂಂ. ಕೆರೆಯೋಕೆ ಮನಸ್ಸು ಬರಲಿಲ್ಲ." ಅವನು ರಸ್ತೆಯನ್ನೇ ನೋಡುತ್ತಿದ್ದ.

"ಹರಡಲ್ವಾ?"

"ಇಲ್ಲಮ್ಮ. ಲ್ಯಾಕರ್ ಹಾಕಿದೀನಿ. ಇನ್ನು ಅದು ಅಲ್ಲೇ ಇರತ್ತೆ, ಎಲ್ಲೂ ಹೋಗಲ್ಲ."

ತುಕ್ಕಿಗೆ ಇರು ಎಂದವನಿಗೆ ತಾಯಿಗೆ ಅನ್ನಲು ಬಾಯಿ ಬರಲಿಲ್ಲವಲ್ಲ. ಅಂಬುಜಮ್ಮನಿಗೆ ಮಗನ ಮೇಲೆ ಪ್ರೀತಿ ಉಕ್ಕಿತು, ಅಷ್ಟೇ ಸಿಟ್ಟೂ ಬಂತು. ಮುಂದಿನ ವಾಹನಗಳು ಕದಲಿದವು. ಎಂಜಿನ್ ಅಬ್ಬರಿಸಿತು. ಏರ್‌ಪೋರ್ಟ್ ಬರುವವರೆಗೆ ಅವರು ಆ ತಗಡಿನಿಂದ ಕೈ ತೆಗೆಯಲಿಲ್ಲ.

ಟ್ರಾಲಿಗೆ ಸೂಟ್‌ಕೇಸು ಇಳಿಸಿಕೊಟ್ಟು ಬದರಿ ಕಾಲಿಗೆ ಬಾಗಿದ. ಅಂಬುಜಮ್ಮ ಅವನ ತಲೆ ಸವರಿ, ಇಷ್ಟು ದಿನ ಅಭಿಮಾನ ಅಡ್ಡಬಂದು ಕೇಳದೆ ಉಳಿದದ್ದನ್ನು ಕೇಳಿಯೇಬಿಟ್ಟರು.

"ಮತ್ತೆ ಕರೀತೀಯೇನೋ ನನ್ನ?"

ಬದರಿಯ ಕಣ್ಣು ತುಂಬಿತ್ತು. "ಏನಮ್ಮ ಹಾಗಂತೀಯ. ನಿನ್ನದೇ ಮನೆ. ಯಾವಾಗ ಬೇಕಾದ್ರೂ ಬಾ. ನಿನ್ನಿಷ್ಟ."

"ಸರಿ" ಎಂದರು ಅಂಬುಜಮ್ಮ. ಬಾಗಿಲ ಹತ್ತಿರ ತಿರುಗಿ ನೋಡಿದಾಗ ಮಗ ಬೆನ್ನು ತಿರುಗಿಸಿ ನಿಂತು, ಅಂಗಿಯ ತುದಿಯಿಂದ ಗಾಡಿಯ ಮೇಲಿನ ಧೂಳು ಒರೆಸುತ್ತಿದ್ದ.

ಒಳಗೆ ಎಕ್ಸ್‌ರೇ ಯಂತ್ರದ ಬಳಿ ಯುವಕನೊಬ್ಬ ಅವರ ಚೀಲವನ್ನು ತಾನೇ ಎತ್ತಿ ಬೆಲ್ಟಿನ ಮೇಲಿಟ್ಟ. "ಅಸಾಂಟೆ" ಎಂದರು. ಅವನಿಗೆ ಖುಷಿಯಾಯಿತು. ಅವರ ಹಿಂದೆ ಯಾರಾದರೂ ಇದ್ದಾರೇನೋ ಎಂದು ಇಣುಕಿ ನೋಡಿ, ಒಬ್ಬರೇ ಇದ್ದೀರಾ ಎಂಬ ಮುಥೋನಿಯ ಪ್ರಶ್ನೆಯನ್ನೇ ಕೇಳಿದ.

"ಉಕೊ ಪೆಕೆ ಯಾಕೊ, ಮಾಮಾ?"

ಉತ್ತರಕ್ಕೆ ಅವರು ತಡಕಾಡಬೇಕಾಗಲಿಲ್ಲ. "ನಿಕೊ ಪೆಕೆ ಯಾಂಗು" ಎಂದರು.

"ಓಹ್, ಸ್ವಾಹಿಲಿ ಚೆನ್ನಾಗಿ ಮಾತಾಡ್ತೀರಿ!" ಎಂದು ಅವನು ಇಂಗ್ಲಿಷಿನಲ್ಲಿ ಹೊಗಳಿ, ಮುಂದೆ ಹೋಗಲು ದಾರಿ ತೋರಿಸಿದ.